ಕೈಗೆ ಕೊಟ್ಟ ಕರಪತ್ರ ಚರಂಡಿಗೆ ಬೀಳದಿರಲು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕರಪತ್ರ ಹಂಚುವ ಹುಡುಗನ ಹಿಂದೆ ಹತ್ತು ಹೆಜ್ಜೆ ನಡೆದು ನೋಡಿ. ಇಸಿದುಕೊಂಡವರು ಒಮ್ಮೆ ಕಣ್ಣಾಡಿಸುತ್ತಾರೆ. ಮುಂದಿನ ಅಂಗಡಿ ಬರುವಷ್ಟರಲ್ಲಿ ಅದು ಮಡಚಿ ಜೇಬಿಗೆ ಹೋಗಿರುತ್ತದೆ, ಇಲ್ಲವೇ ಕಾಲಡಿ ಬಿದ್ದಿರುತ್ತದೆ. ಓದುಗರು ನಿಮಗೆ ಕೊಡುವುದು ಎರಡು ಮೂರು ಸೆಕೆಂಡು, ಅಷ್ಟೇ. ಅಷ್ಟರಲ್ಲಿ ‘ಇದರಿಂದ ನನಗೇನು ಸಿಗುತ್ತೆ’ ಅನ್ನುವುದು ಗೊತ್ತಾಗದಿದ್ದರೆ ಬಣ್ಣ, ಕಾಗದ, ಡಿಸೈನ್ ಎಲ್ಲಕ್ಕೂ ಸುರಿದ ದುಡ್ಡು ನೀರಿಗೆ ಹಾಕಿದಂತೆ.

ಹಾಗಾಗಿ ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಚೀಟಿ ತೆಗೆದುಕೊಂಡು ಮೂರು ವಿಷಯ ಬರೆದುಕೊಳ್ಳಿ: ಇದು ಯಾರ ಕೈಗೆ ಹೋಗುತ್ತದೆ, ಎಲ್ಲಿ ಹೋಗುತ್ತದೆ, ಓದಿದವರು ಏನು ಮಾಡಬೇಕು. ಮೂರನೆಯದಕ್ಕೆ ಉತ್ತರ ಒಂದೇ ಇರಬೇಕು. ಅಂಗಡಿಗೆ ಬರಬೇಕೋ, ಫೋನ್ ಮಾಡಬೇಕೋ, ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ಕಳಿಸಬೇಕೋ? ಮೂರನ್ನೂ ಕೇಳಿದರೆ ಒಂದೂ ಆಗುವುದಿಲ್ಲ. ‘ಎಲ್ಲಿ’ ಅನ್ನುವುದೂ ಸಣ್ಣ ಮಾತಲ್ಲ. ಪೇಪರ್ ಒಳಗೆ ಸೇರಿ ಮನೆಗೆ ಹೋಗುವ ಕರಪತ್ರವನ್ನು ಕಾಫಿ ಕುಡಿಯುತ್ತಾ ಓದುವವರಿದ್ದಾರೆ, ಅದರಲ್ಲಿ ನಾಲ್ಕು ಸಾಲು ಹೆಚ್ಚಿಗೆ ಇದ್ದರೂ ನಡೆಯುತ್ತದೆ. ಸಂತೆಯಲ್ಲಿ ಹಂಚುವುದನ್ನು ಎರಡೂ ಕೈಯಲ್ಲಿ ಚೀಲ ಹಿಡಿದವರು ನೋಡಬೇಕು. ಬಸ್ ನಿಲ್ದಾಣದ್ದು ಇವೆರಡರ ನಡುವಿನದು.

ಮೊದಲು ಮಾತು, ಆಮೇಲೆ ಬಣ್ಣ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಊರಲ್ಲಿ ಹೊಸದಾಗಿ ಕಾಫಿಪುಡಿ ಅಂಗಡಿ ತೆರೆಯುತ್ತಿದೆ. ಸಾಮಾನ್ಯವಾಗಿ ಪ್ರೆಸ್ಸಿಗೆ ಬರುವ ಬರಹ ಹೀಗಿರುತ್ತದೆ:

“ಶುಭಾರಂಭ! ಶುಭಾರಂಭ!! ಶುಭಾರಂಭ!!! ಆತ್ಮೀಯ ಗ್ರಾಹಕ ಬಂಧುಗಳೇ, ಚಿಕ್ಕಮಗಳೂರು ನಗರದಲ್ಲಿ ಪ್ರಪ್ರಥಮ ಬಾರಿಗೆ ಅತ್ಯುತ್ತಮ ಗುಣಮಟ್ಟದ ಕಾಫಿಪುಡಿಯನ್ನು ಸ್ಪರ್ಧಾತ್ಮಕ ದರದಲ್ಲಿ ಒದಗಿಸುವ ಸದುದ್ದೇಶದಿಂದ ನಮ್ಮ ನೂತನ ಮಳಿಗೆಯನ್ನು ಪ್ರಾರಂಭಿಸುತ್ತಿದ್ದು, ತಾವುಗಳು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಪ್ರೋತ್ಸಾಹಿಸಬೇಕಾಗಿ ವಿನಂತಿ.”

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಪ್ರಪ್ರಥಮ ಬಾರಿಗೆ! ಓದಿದವರು ನಗದಿದ್ದರೆ ಪುಣ್ಯ. ಇಡೀ ಬರಹದಲ್ಲಿ ದರ ಇಲ್ಲ, ಪುಡಿ ಎಂಥದ್ದು ಅಂತ ಇಲ್ಲ, ಇವತ್ತೇ ಹೋಗಬೇಕು ಅನ್ನಿಸುವ ಕಾರಣವೂ ಇಲ್ಲ. ಇದು ಮದುವೆ ಪತ್ರಿಕೆಯ ಭಾಷೆ. ಅದನ್ನೇ ಹೀಗೆ ಮಾಡಿ:

“ನಿಮ್ಮ ಕಣ್ಣೆದುರೇ ಹುರಿದು, ಪುಡಿ ಮಾಡಿ ಕೊಡುತ್ತೇವೆ.
1 ಕಿಲೋ ಕೊಂಡರೆ 100 ಗ್ರಾಂ ಉಚಿತ. ನವೆಂಬರ್ 15ರ ಭಾನುವಾರದಿಂದ 22ರ ಭಾನುವಾರದವರೆಗೆ ಮಾತ್ರ.
ಅರೇಬಿಕಾ, ರೋಬಸ್ಟಾ, ಪೀಬೆರಿ. ಚಿಕೋರಿ ಎಷ್ಟು ಬೇಕೋ ನೀವೇ ಹೇಳಿ. ಬೇಡವೆಂದರೆ ಹಾಕುವುದಿಲ್ಲ.
ಆಜಾದ್ ಪಾರ್ಕ್ ವೃತ್ತದಿಂದ ಎರಡು ನಿಮಿಷದ ನಡಿಗೆ. ಬೆಳಿಗ್ಗೆ 8ರಿಂದ ರಾತ್ರಿ 8.”

ಇದರ ಕೆಳಗೆ ಅಂಗಡಿ ಹೆಸರು, ಒಂದು ಫೋನ್ ನಂಬರ್. ಎ5 ಅಳತೆಯ (ಎ4 ಹಾಳೆಯ ಅರ್ಧ) ಒಂದು ಮಗ್ಗುಲಿಗೆ ಐವತ್ತು ಅರವತ್ತು ಪದ ಸಾಕು. ಅದಕ್ಕಿಂತ ಹೆಚ್ಚಾದರೆ ಅಕ್ಷರ ಸಣ್ಣದಾಗುತ್ತದೆ, ಅಕ್ಷರ ಸಣ್ಣದಾದರೆ ಹಿರಿಯರು ಓದುವುದಿಲ್ಲ. ಮನೆಗೆ ಕಾಫಿಪುಡಿ ಯಾವುದು ತರಬೇಕು ಅಂತ ತೀರ್ಮಾನಿಸುವವರು ಬಹುಮಟ್ಟಿಗೆ ಅವರೇ.

ದೊಡ್ಡಕ್ಷರದ ಸಾಲಿನಲ್ಲಿ ಅಂಗಡಿಯ ಹೆಸರಿರಬೇಕು ಎಂದು ಮಾಲೀಕರು ಹಟ ಹಿಡಿಯುವುದು ಮಾಮೂಲು. ಹೆಸರು ಊರಿಗೆಲ್ಲ ಗೊತ್ತಿದ್ದರೆ ಹಾಗೇ ಮಾಡಿ. ಹೊಸ ಅಂಗಡಿಯಾದರೆ ಹೆಸರಿಗಿಂತ ಕೊಡುಗೆ ಮುಖ್ಯ, ಹೆಸರು ಕೆಳಗಿರಲಿ. ಮೇಲ್ತುದಿಯಲ್ಲಿ ದೇವರ ಹೆಸರು ಬೇಕೇ ಬೇಕು ಅನ್ನುವವರೂ ಇದ್ದಾರೆ. ಬೇಡ ಅಂತ ಜಗಳಕ್ಕೆ ನಿಲ್ಲಬೇಡಿ. 9 ಪಾಯಿಂಟ್ ಅಳತೆಯ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿದರೆ ದೇವರಿಗೂ ಸಮಾಧಾನ, ಡಿಸೈನ್‌ಗೂ ತೊಂದರೆ ಇಲ್ಲ. ‘ಸ್ವಾಗತ ಕೋರುವವರು’ ಎಂದು ಎಂಟು ಜನರ ಪಾಸ್‌ಪೋರ್ಟ್ ಫೋಟೋ ಹಾಕುವುದನ್ನು ಮಾತ್ರ ಹೇಗಾದರೂ ತಪ್ಪಿಸಿ. ಆ ಜಾಗದಲ್ಲಿ ದಾರಿಯ ಗುರುತು ಬರೆಯಬಹುದು. ನಮ್ಮ ಊರುಗಳಲ್ಲಿ ಡೋರ್ ನಂಬರ್ ನೋಡಿ ಅಂಗಡಿ ಹುಡುಕುವವರು ಯಾರೂ ಇಲ್ಲ. ಚಿಕ್ಕಮಗಳೂರಾದರೆ ಹನುಮಂತಪ್ಪ ಸರ್ಕಲ್, ಬೋಳರಾಮೇಶ್ವರ ದೇವಸ್ಥಾನ, ಎಐಟಿ ಸರ್ಕಲ್, ಹಾಸನವಾದರೆ ಎನ್.ಆರ್. ಸರ್ಕಲ್, ಹೇಮಾವತಿ ಪ್ರತಿಮೆ, ಕಟ್ಟಿನಕೆರೆ ಮಾರುಕಟ್ಟೆ. ಇಂಥ ಒಂದು ಗುರುತು, ಅಲ್ಲಿಂದ ಯಾವ ದಿಕ್ಕು, ಎಷ್ಟು ದೂರ. ಇಷ್ಟಿದ್ದರೆ ಜನ ಕೇಳದೆ ಬರುತ್ತಾರೆ.

ಅಳತೆ ಮತ್ತು ಜಾಗದ ಹಂಚಿಕೆ

ಎ5 ಎಂದರೆ 148×210 ಮಿ.ಮೀ. ಪ್ರೆಸ್‌ಗಳಲ್ಲಿ ‘ಡೆಮಿ 1/8’ ಅಂದರೆ ಅಂದಾಜು ಅದೇ ಗಾತ್ರ, ಸುಮಾರು ಐದೂವರೆ-ಎಂಟೂವರೆ ಇಂಚು. ಎರಡೂ ಒಂದೇ ಅಂದುಕೊಂಡು ಎ5ಗೆ ಡಿಸೈನ್ ಮಾಡಿ ಡೆಮಿಗೆ ಅಚ್ಚು ಹಾಕಿಸಿದರೆ ಪಕ್ಕದ ಅಕ್ಷರ ಕತ್ತರಿಗೆ ಹೋಗುತ್ತದೆ. ಮೊದಲೇ ಕೇಳಿಕೊಳ್ಳಿ.

ಬಣ್ಣವಾಗಲಿ ಫೋಟೋವಾಗಲಿ ಅಂಚಿನವರೆಗೆ ಬರಬೇಕಾದರೆ ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಡಬೇಕು. ಆಗ ಫೈಲ್ ಅಳತೆ 154×216 ಆಗುತ್ತದೆ. ಒಳಗಡೆ, ಕತ್ತರಿಸುವ ಗೆರೆಯಿಂದ ಕನಿಷ್ಠ 5 ಮಿ.ಮೀ. ಒಳಕ್ಕೆ ಅಕ್ಷರಗಳಿರಲಿ. ಕಟ್ಟಿಂಗ್ ಮೆಷಿನ್‌ಗೆ ಐನೂರು ಹಾಳೆ ಒಟ್ಟಿಗೆ ಕೊಟ್ಟಾಗ ಒಂದೆರಡು ಮಿ.ಮೀ. ಆಚೀಚೆ ಆಗುವುದು ಸಹಜ. ಅದಕ್ಕೇ ಅಂಚಿಗೆ ಅಂಟಿಕೊಂಡಂತೆ ತೆಳು ಬಾರ್ಡರ್ ಹಾಕಬಾರದು. ಎಡಗಡೆ 2 ಮಿ.ಮೀ., ಬಲಗಡೆ 4 ಮಿ.ಮೀ. ಆದಾಗ ಕಟ್ಟಿಂಗ್ ಸೊಟ್ಟಗಿರುವುದನ್ನು ಆ ಬಾರ್ಡರೇ ಎತ್ತಿ ತೋರಿಸುತ್ತದೆ. ಬಾರ್ಡರ್ ಇಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಳೆಯ ಮೇಲಿನ ಮೂರನೇ ಒಂದು ಭಾಗವನ್ನು ದೊಡ್ಡಕ್ಷರದ ಸಾಲಿಗೆ ಬಿಡಿ, 36ರಿಂದ 48 ಪಾಯಿಂಟ್. ನಡುವೆ ಒಂದೇ ಚಿತ್ರ. ಅದರ ಕೆಳಗೆ ವಿವರ 11 ಅಥವಾ 12 ಪಾಯಿಂಟ್. ತೀರಾ ಕೆಳಗೆ ಫೋನ್ ನಂಬರ್, 20 ಪಾಯಿಂಟ್‌ಗಿಂತ ಕಡಿಮೆ ಬೇಡ. 9ಕ್ಕಿಂತ ಸಣ್ಣ ಕನ್ನಡ ಅಕ್ಷರವನ್ನು ಎಲ್ಲೂ ಬಳಸಬೇಡಿ, ‘ಷರತ್ತುಗಳು ಅನ್ವಯ’ ಅನ್ನುವುದಕ್ಕೂ ಬೇಡ. ಅದನ್ನು ಬರೆಯುವ ಬದಲು ಷರತ್ತನ್ನೇ ಬರೆದುಬಿಡಿ. ‘ಒಬ್ಬರಿಗೆ ಒಮ್ಮೆ ಮಾತ್ರ’ ಅಂದರೆ ಮೂರೇ ಪದ, ಕೌಂಟರ್‌ನಲ್ಲಿ ಜಗಳ ಇಲ್ಲ.

ಚಿತ್ರದ ಬಗ್ಗೆ ಒಂದು ತಕರಾರು ಹೇಳಲೇಬೇಕು. ಹಬೆಯಾಡುವ ಕಾಫಿ ಕಪ್, ಹಿಂದೆ ಮುಳ್ಳಯ್ಯನಗಿರಿಯ ನೆರಳು, ಅಂಚಿಗೆ ಹಸಿರು ಎಲೆ. ಈ ಊರಲ್ಲಿ ಹೋಂಸ್ಟೇಯಿಂದ ಹಿಡಿದು ಕಂಪ್ಯೂಟರ್ ಕ್ಲಾಸಿನವರೆಗೆ ಎಲ್ಲರೂ ಅದನ್ನೇ ಹಾಕುತ್ತಾರೆ. ಹಾಸನದ ಕಡೆ ಹೋದರೆ ಅದರ ಜಾಗದಲ್ಲಿ ಬೇಲೂರಿನ ಶಿಲಾಬಾಲಿಕೆ. ಚಿತ್ರ ಚೆಂದವೇ, ಆದರೆ ಯಾರದೆಂದು ಗೊತ್ತಾಗುವುದಿಲ್ಲ. ಇಂಟರ್‌ನೆಟ್‌ನಿಂದ ಎತ್ತಿದ್ದಾದರೆ ಇನ್ನೊಬ್ಬರ ಹಕ್ಕಿನ ಪ್ರಶ್ನೆಯೂ ಇದೆ. ಕಾಫಿಪುಡಿ ಅಂಗಡಿಗೆ ಮೆಷಿನ್‌ನಿಂದ ಕಂದು ಪುಡಿ ಕಾಗದದ ಕವರಿಗೆ ಬೀಳುತ್ತಿರುವ ಹತ್ತಿರದ ಚಿತ್ರ ಸಾಕು. ನೋಡಿದವರ ಮೂಗಿಗೇ ವಾಸನೆ ಬರಬೇಕು. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬಾಗಿಲ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ಝೂಮ್ ಮಾಡದೆ ಹತ್ತಿರ ಹೋಗಿ ಮೊಬೈಲ್‌ನಲ್ಲೇ ತೆಗೆಯಬಹುದು. ಎ5 ತುಂಬುವ ಚಿತ್ರಕ್ಕೆ 1748×2480 ಪಿಕ್ಸೆಲ್ ಬೇಕು, ಅಂದರೆ ಇಂಚಿಗೆ 300. ಫೋನ್‌ನಲ್ಲಿ ಅಷ್ಟು ಇದ್ದೇ ಇರುತ್ತದೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿ.

ಕನ್ನಡ ಅಕ್ಷರದ ಕಷ್ಟಸುಖ

ಇಂಗ್ಲಿಷ್ ಕರಪತ್ರದ ಟೆಂಪ್ಲೇಟ್ ತೆಗೆದುಕೊಂಡು ಅದರೊಳಗೆ ಕನ್ನಡ ತುಂಬಿದರೆ ಕೆಡುವುದು ಇಲ್ಲೇ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇಟ್ಟರೆ ‘ಲಕ್ಷ್ಮಿ’ಯ ಒತ್ತು ಕೆಳಗಿನ ಸಾಲಿನ ‘ಕೀ’ ತಲೆ ಮೇಲೆ ಕೂರುತ್ತದೆ. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 17–18 ಇರಲಿ. ದೊಡ್ಡಕ್ಷರದ ಸಾಲು ಎರಡಾದರೆ ಅಲ್ಲಿ ಇನ್ನೂ ಎಚ್ಚರ ಬೇಕು. ಒತ್ತು ಡಿಕ್ಕಿ ಹೊಡೆದರೆ ಸಾಲನ್ನು ಬೇರೆ ಪದದ ಹತ್ತಿರ ಮುರಿದು ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಯಾಗುತ್ತದೆ.

ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ ‘ಸ್ಟೈಲ್’ ಮಾಡುವುದು ಇಂಗ್ಲಿಷಿಗೆ ಚೆಂದ. ಕನ್ನಡದಲ್ಲಿ, ಅದರಲ್ಲೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ, ಒತ್ತು ಮತ್ತು ಅರ್ಕಾವತ್ತು ಬೇರೆ ಬೇರೆ ತುಂಡುಗಳಾಗಿ ಕೂತಿರುತ್ತವೆ. ಅಂತರ ಹೆಚ್ಚಿಸಿದರೆ ಅವು ಅಮ್ಮನ ಕೈ ಬಿಟ್ಟ ಮಕ್ಕಳಂತೆ ಚದುರುತ್ತವೆ. ಅಕ್ಷರವನ್ನು ಅಡ್ಡಕ್ಕೆ ಎಳೆದು ಜಾಗ ತುಂಬಿಸುವುದೂ ಬೇಡ. ಎರಡೂ ಅಂಚು ಸಮ ಮಾಡುವ ‘ಜಸ್ಟಿಫೈ’ ಕೂಡ ಎ5ರಲ್ಲಿ ಒಳ್ಳೆಯದಲ್ಲ. ನಮ್ಮ ಪದಗಳು ಉದ್ದ, ‘ಮಾಡಿಸಿಕೊಳ್ಳಬೇಕಾಗಿದ್ದಲ್ಲಿ’ ಅಂತ ಒಂದೇ ಪದ ಅರ್ಧ ಸಾಲು ನುಂಗುತ್ತದೆ, ಉಳಿದ ಎರಡು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಸಂದಿ. ಎಡಕ್ಕೆ ಹೊಂದಿಸಿ, ಬಲ ಅಂಚು ಹೇಗಾದರೂ ಇರಲಿ.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಬೇಕು. ದ–ಧ, ಬ–ಭ, ಪ–ಫ, ಡ–ಢ ಈ ಜೋಡಿಗಳಲ್ಲಿ ವ್ಯತ್ಯಾಸ ಎಂದರೆ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಸಣ್ಣ ಅಕ್ಷರಕ್ಕೆ ಬೋಲ್ಡ್ ಮಾಡಿ, ಅದರ ಸುತ್ತ ಔಟ್‌ಲೈನ್ ಬೇರೆ ಹಚ್ಚಿದರೆ, ಅಥವಾ ಕಡುಬಣ್ಣದ ಮೇಲೆ ಬಿಳಿ ಅಕ್ಷರ ಹಾಕಿದರೆ ಆ ಸೀಳಿಗೆ ಶಾಯಿ ತುಂಬಿಕೊಳ್ಳುತ್ತದೆ, ಇಲ್ಲವೇ ಕಾಣದೆ ಹೋಗುತ್ತದೆ. ಆಗ ‘ಕಾಫಿ’ ಹೋಗಿ ‘ಕಾಪಿ’ ಆಗುತ್ತದೆ. ಬಿಳಿ ಅಕ್ಷರ ಹಾಕಲೇಬೇಕಾದರೆ 14 ಪಾಯಿಂಟ್ ಮೇಲಿರಲಿ, ಕೆಳಗಿನ ಬಣ್ಣ ಒಂದೇ ಶಾಯಿಯದ್ದೋ ಎರಡರದ್ದೋ ಆಗಿರಲಿ. ನಾಲ್ಕು ಶಾಯಿ ಸೇರಿಸಿ ಮಾಡಿದ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ ಕೂರಿಸಿದರೆ, ಒಂದು ಶಾಯಿಯ ಪ್ಲೇಟ್ (ಅಚ್ಚಿನ ತಗಡು) ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಕೆಂಪು, ನೀಲಿ ಇಣುಕುತ್ತವೆ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರಕ್ಕೂ ಬರೀ ಕಪ್ಪು ಶಾಯಿ ಶೇಕಡಾ 100, ಬೇರೇನೂ ಬೇಡ.

ಫಾಂಟ್ ಎರಡೇ ಸಾಕು. ಉಚಿತವಾಗಿ ಸಿಗುವವುಗಳಲ್ಲಿ ದೊಡ್ಡಕ್ಷರಕ್ಕೆ ಬಲೂ ತಮ್ಮ, ಅನೇಕ್ ಕನ್ನಡ. ವಿವರಕ್ಕೆ ನೋಟೋ ಸ್ಯಾನ್ಸ್ ಕನ್ನಡ. ಸ್ವಲ್ಪ ಸಾಂಪ್ರದಾಯಿಕ ಮುಖ ಬೇಕಾದರೆ ಟಿರೋ ಕನ್ನಡ. ಇವೆಲ್ಲ ಯೂನಿಕೋಡ್, ಅಂದರೆ ಮೊಬೈಲ್, ವೆಬ್‌ನಲ್ಲಿ ನಡೆಯುವ ಈಗಿನ ಕ್ರಮದವು. ತೊಡಕು ಏನೆಂದರೆ ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಹಳೆಯ ಪೇಜ್‌ಮೇಕರ್, ಹಳೆಯ ಕೋರೆಲ್ ಓಡುತ್ತಿವೆ. ಅವುಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುವುದಿಲ್ಲ, ಒತ್ತು ಬಿಚ್ಚಿಕೊಂಡು ‘ಸ್‌ವಾಗತ’ ಆಗುತ್ತದೆ. ಫೋಟೋಶಾಪ್, ಇನ್‌ಡಿಸೈನ್‌ನಲ್ಲಿ ಹೀಗಾದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್-ರೆಡಿ’ ಆಯ್ಕೆ ಮಾಡಿದರೆ ಸರಿಹೋಗುತ್ತದೆ. ಯಾವ ತಂತ್ರಾಂಶವಾದರೂ ಮೊದಲು ‘ಸ್ತ್ರೀ, ಲಕ್ಷ್ಮಿ, ವರ್ಷ, ಜ್ಞಾನ, ಕೃಷ್ಣ’ ಎಂದು ಟೈಪ್ ಮಾಡಿ ನೋಡಿ. ಐದೂ ಸರಿ ಬಂದರೆ ಮುಂದುವರಿಯಿರಿ. ಪ್ರೆಸ್ಸಿಗೆ ಕಳಿಸುವ ಮುನ್ನ ಎಲ್ಲ ಅಕ್ಷರಗಳನ್ನೂ ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಚಿತ್ರರೂಪಕ್ಕೆ, ಬದಲಾಯಿಸಿ. ಆಮೇಲೆ ತಿದ್ದಲು ಬರುವುದಿಲ್ಲ, ಹಾಗಾಗಿ ತಿದ್ದಬಹುದಾದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ಅಂಕಿಗಳು? ಬೆಲೆ, ಫೋನ್ ನಂಬರ್‌ಗೆ 0–9 ಅಂಕಿಗಳೇ ವಾಸಿ. ಕನ್ನಡ ಅಂಕಿ ಮೇಲೆ ಎಷ್ಟೇ ಪ್ರೀತಿಯಿದ್ದರೂ ಫೋನಿನ ಕೀಲಿಯಲ್ಲಿ ಕಾಣುವುದು ಅವಲ್ಲ, ನೋಡಿ ಒತ್ತುವಾಗ ಜನ ತಡವರಿಸುತ್ತಾರೆ. ಹತ್ತು ಅಂಕಿಯನ್ನು ಐದು-ಐದಾಗಿ ಬಿಡಿಸಿ ಬರೆಯಿರಿ.

ಕ್ಯೂಆರ್ ಕೋಡ್ ಹಾಕುವುದಾದರೆ 2 ಸೆಂ.ಮೀ.ಗಿಂತ ಚಿಕ್ಕದು ಬೇಡ. ಸುತ್ತ ಬಿಳಿ ಜಾಗ ಬಿಡಿ, ಬಿಳಿಯ ಮೇಲೆ ಕಪ್ಪೇ ಇರಲಿ, ಮಡಿಕೆ ಬೀಳುವ ಕಡೆ ಇಡಬೇಡಿ. ಪಕ್ಕದಲ್ಲಿ ‘ದಾರಿಗೆ ಸ್ಕ್ಯಾನ್ ಮಾಡಿ’ ಎಂದು ಬರೆಯಿರಿ. ಬರೀ ಚೌಕ ಕಂಡರೆ ಜನ ಅದು ದುಡ್ಡು ಕಟ್ಟುವುದು ಅಂದುಕೊಳ್ಳುತ್ತಾರೆ. ಉಚಿತವಾಗಿ ‘ಡೈನಾಮಿಕ್’ ಕೋಡ್ (ಆ ತಾಣದ ಮೂಲಕವೇ ಹಾದುಹೋಗುವಂಥದ್ದು) ಮಾಡಿಕೊಡುವ ಕೆಲವು ತಾಣಗಳಲ್ಲಿ ಅವಧಿ ಮುಗಿದ ಮೇಲೆ ಕೋಡ್ ಸಾಯುತ್ತದೆ. ಮ್ಯಾಪಿನ ವಿಳಾಸವನ್ನು ನೇರವಾಗಿ ಸ್ಥಿರ ಕೋಡ್ ಮಾಡಿಸಿಕೊಳ್ಳಿ.

ಪ್ರೆಸ್ಸಿನಲ್ಲಿ

ಐನೂರರ ಒಳಗಾದರೆ ಡಿಜಿಟಲ್ ಪ್ರಿಂಟ್, ಸಾವಿರದ ಮೇಲಾದರೆ ಪ್ಲೇಟ್ ಮಾಡಿ ಹೊಡೆಯುವ ಆಫ್‌ಸೆಟ್ ಗಿಟ್ಟುತ್ತದೆ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುವುದರಿಂದ ಒಂದು ಸಾವಿರಕ್ಕೂ ಎರಡು ಸಾವಿರಕ್ಕೂ ದರದಲ್ಲಿ ದುಪ್ಪಟ್ಟು ವ್ಯತ್ಯಾಸ ಬರುವುದಿಲ್ಲ. ಹಾಗೆಂದು ಹಂಚಲಾಗದಷ್ಟು ಹೊಡೆಸಿ ಅಟ್ಟಕ್ಕೆ ಹಾಕಬೇಡಿ. ಮಲ್ಟಿಕಲರ್ ಕೆಲಸವನ್ನು ಬೆಂಗಳೂರಿಗೋ ಶಿವಕಾಶಿಗೋ ಕಳಿಸುವ ರೂಢಿ ಇದೆ. ಅಲ್ಲಿ ಹಲವರ ಕೆಲಸವನ್ನು ಒಂದೇ ದೊಡ್ಡ ಹಾಳೆಯಲ್ಲಿ ಸೇರಿಸಿ ಹೊಡೆಯುತ್ತಾರೆ, ಅದಕ್ಕೇ ಅಗ್ಗ. ಪಕ್ಕದವರ ಡಿಸೈನ್‌ಗೆ ಕೆಂಪು ಜಾಸ್ತಿ ಬಿಟ್ಟರೆ ನಿಮ್ಮ ಕಂದು ಬಣ್ಣವೂ ಕೆಂಪಾಗಬಹುದು. ಬಣ್ಣ ಕಟ್ಟುನಿಟ್ಟಾಗಿ ಬೇಕಾದವರು ಇದಕ್ಕೆ ಒಪ್ಪಬಾರದು. ಪಾರ್ಸೆಲ್ ಬಂದು ಸೇರುವ ದಿನಗಳನ್ನೂ ಲೆಕ್ಕ ಹಾಕಿ, ಉದ್ಘಾಟನೆಗೆ ಹತ್ತು ದಿನ ಮೊದಲೇ ಫೈಲ್ ಕೊಡಿ.

ಕಾಗದದಲ್ಲಿ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಅಗ್ಗ, ಒಂದೇ ಬಣ್ಣದ ಅಚ್ಚಿಗೆ ಸಾಕು, ಮೇಲೆ ಪೆನ್ನಿನಲ್ಲಿ ಬರೆಯಲೂ ಬರುತ್ತದೆ. ಆದರೆ ತೆಳು, ಎರಡೂ ಮಗ್ಗುಲು ಅಚ್ಚಾದರೆ ಹಿಂದಿನದು ಮುಂದೆ ಕಾಣುತ್ತದೆ. ಚಿತ್ರವಿದ್ದರೆ 90 ಜಿಎಸ್‌ಎಂನ ನುಣುಪಾದ ಆರ್ಟ್ ಪೇಪರ್. ಕೈಗೆ ಗಟ್ಟಿಯಾಗಿ ಹತ್ತಬೇಕು, ಹೋಂಸ್ಟೇ ಕೌಂಟರಿನಲ್ಲಿ ನಿಲ್ಲಬೇಕು ಅಂದರೆ 130. ಎ5ರ ಸಾವಿರ ಹಾಳೆ 90ರಲ್ಲಿ ಸುಮಾರು 2.8 ಕಿಲೋ, 130ರಲ್ಲಿ 4 ಕಿಲೋ ತೂಗುತ್ತದೆ. ತೂಕ ಹಾಕಿ ನೋಡಿದರೆ ಹೇಳಿದ ಕಾಗದವೇ ಬಂತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಪರದೆ ಮೇಲೆ ಹೊಳೆಯುವ ಗಿಳಿಹಸಿರು, ಕಿತ್ತಳೆ ಕಾಗದದ ಮೇಲೆ ಮಂಕಾಗುತ್ತವೆ, ಶಾಯಿಗೆ ಆ ಬೆಳಕು ಇಲ್ಲ. ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಬದಲಾಯಿಸಿಯೇ ಬಣ್ಣ ಒಪ್ಪಿಕೊಳ್ಳಿ. ಕ್ಯಾನ್ವಾದಲ್ಲಿ ಮಾಡಿದವರು ‘ಪಿಡಿಎಫ್ ಪ್ರಿಂಟ್’ ಆರಿಸಿ, ಬ್ಲೀಡ್ ಮತ್ತು ಕ್ರಾಪ್ (ಕತ್ತರಿಸುವ) ಗುರುತುಗಳನ್ನು ಟಿಕ್ ಮಾಡಿ. ಇಡೀ ಹಾಳೆಗೆ ಕಡುಬಣ್ಣ ಬಳಿದರೆ ಶಾಯಿ ಒಣಗಲು ಹೊತ್ತು ಹಿಡಿಯುತ್ತದೆ, ಒಂದರ ಶಾಯಿ ಮೇಲಿನದರ ಬೆನ್ನಿಗೆ ಅಂಟುತ್ತದೆ. ಮಲೆನಾಡಿನ ಜುಲೈನಲ್ಲಂತೂ ಕೇಳುವುದೇ ಬೇಡ.

ಪ್ರೂಫ್ ಓದುವ ಕ್ರಮ ಹೀಗಿರಲಿ. ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಕೈ ಚಾಚಿ ಹಿಡಿದು ನೋಡಿ, ದೊಡ್ಡ ಸಾಲು ಕನ್ನಡಕವಿಲ್ಲದೆ ಕಾಣಬೇಕು. ಅಂಗಡಿಗೆ ಸಂಬಂಧವಿಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಿ, ಅವರು ಎಡವಿದ ಕಡೆ ಬರಹ ಸರಿಯಿಲ್ಲ. ಅಚ್ಚಾದ ನಂಬರನ್ನು ನೋಡಿಕೊಂಡೇ ಡಯಲ್ ಮಾಡಿ, ನೆನಪಿನಿಂದ ಬೇಡ. ದಿನಾಂಕಕ್ಕೂ ವಾರಕ್ಕೂ ತಾಳೆ ನೋಡಿ. ಮೇಲಿನ ಉದಾಹರಣೆಯ ನವೆಂಬರ್ 15 ಭಾನುವಾರವಾಗುವುದು 2026ರಲ್ಲಿ, ಹಳೆಯ ಫೈಲ್ ತೆಗೆದು ವರ್ಷ ಮಾತ್ರ ಬದಲಿಸಿದರೆ ವಾರ ತಪ್ಪಿರುತ್ತದೆ. ಕ್ಯೂಆರ್ ಅನ್ನು ಎರಡು ಬೇರೆ ಫೋನ್‌ಗಳಲ್ಲಿ ಸ್ಕ್ಯಾನ್ ಮಾಡಿ. ಆಮೇಲೆ ಪ್ರೂಫ್ ಮೇಲೆ ಸಹಿ, ತಾರೀಖು. ತಪ್ಪು ಯಾರದೆಂಬ ವಾದ ಬಂದರೆ ಆ ಹಾಳೆಯೇ ಸಾಕ್ಷಿ.

ಹಂಚುವಾಗ

ಪೇಪರ್ ಜೊತೆ ಹಾಕಿಸುವುದಾದರೆ ಹಿಂದಿನ ಸಂಜೆಯೊಳಗೆ ಏಜೆಂಟರಿಗೆ ತಲುಪಿಸಿ. ಪೇಪರ್ ಹುಡುಗರು ನಸುಕಿನಲ್ಲೇ ಕಟ್ಟು ಬಿಚ್ಚಿ ಸೇರಿಸುತ್ತಾರೆ. ಬಡಾವಣೆವಾರು ಎಷ್ಟು ಪ್ರತಿ ಅಂತ ಕೇಳಿ, ನೂರರ ಕಟ್ಟು ಮಾಡಿ ಕೊಡಿ. ಹಬ್ಬದ ಹಿಂದಿನ ಭಾನುವಾರ ಒಂದೇ ಪೇಪರಿನೊಳಗೆ ನಾಲ್ಕೈದು ಕರಪತ್ರ ತುಂಬಿರುತ್ತವೆ, ಬಿಚ್ಚಿದ ಕೂಡಲೇ ಎಲ್ಲ ಒಟ್ಟಿಗೆ ಜಾರಿ ಬೀಳುತ್ತವೆ. ವಾರದ ನಡುವಿನ ದಿನ ಒಂಟಿಯಾಗಿ ಹೋದದ್ದೇ ಕಣ್ಣಿಗೆ ಬೀಳುವುದು ಹೆಚ್ಚು.

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ರಸ್ತೆಯಲ್ಲಿ ನಿಂತು ಹಂಚುವುದು ವ್ಯರ್ಥ. ಒಂದು ಕೈಯಲ್ಲಿ ಕೊಡೆ ಹಿಡಿದವರು ಇನ್ನೊಂದು ಕೈ ಚಾಚುವುದಿಲ್ಲ, ಮ್ಯಾಪ್‌ಲಿಥೊ ಎರಡು ಹನಿಗೆ ಮುದ್ದೆಯಾಗುತ್ತದೆ. ಆ ತಿಂಗಳುಗಳಲ್ಲಿ ಹೋಟೆಲ್, ಔಷಧಿ ಅಂಗಡಿ, ಕ್ಲಿನಿಕ್‌ಗಳ ಕೌಂಟರಿನಲ್ಲಿ ಕೇಳಿ ಇಡಿ. ಕಾಫಿ ಕುಯ್ಲಿನ ಹೊತ್ತಿನಲ್ಲಿ, ಅರೇಬಿಕಾಗೆ ನವೆಂಬರ್‌ನಿಂದ, ರೋಬಸ್ಟಾಗೆ ಅದರ ನಂತರ, ತೋಟದ ಕಡೆಯವರ ಕೈಯಲ್ಲಿ ದುಡ್ಡು ಓಡಾಡುತ್ತದೆ, ಪುರುಸೊತ್ತು ಇರುವುದಿಲ್ಲ. ಅವರನ್ನು ಹಿಡಿಯಬೇಕಾದರೆ ಸಂತೆಯ ದಿನವೇ ಸರಿ. ವಾರಾಂತ್ಯದ ಪ್ರವಾಸಿಗರಿಗೆ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್ ಮಾಡಿ. ಎರಡನ್ನೂ ಒಂದೇ ಮಗ್ಗುಲಲ್ಲಿ ಕಲಸಿದರೆ ಇಬ್ಬರೂ ಓದುವುದಿಲ್ಲ. ಮುಳ್ಳಯ್ಯನಗಿರಿಯ ಮೇಲಂತೂ ಹಂಚಲೇಬೇಡಿ, ಅಲ್ಲಿ ಈಗಾಗಲೇ ಇರುವ ಕಸ ಸಾಕು. ಗೋಡೆ, ಕಂಬಕ್ಕೆ ಅಂಟಿಸುವುದೂ ಬೇಡ. ಸಾರ್ವಜನಿಕ ಸ್ಥಳಗಳನ್ನು ಅಂದಗೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ, ಕರಪತ್ರದಲ್ಲಿ ನಿಮ್ಮದೇ ನಂಬರ್ ಇರುವುದರಿಂದ ಹುಡುಕುವ ಕಷ್ಟವೂ ಇಲ್ಲ. ಚುನಾವಣೆಯ ಕರಪತ್ರವಾದರೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಅದನ್ನು ಕೇಳುತ್ತದೆ.

ಯಾವ ಕಡೆ ಹಂಚಿದ್ದು ಫಲ ಕೊಟ್ಟಿತು ಅಂತ ತಿಳಿಯಲು ದೊಡ್ಡ ಲೆಕ್ಕಾಚಾರ ಬೇಡ. ‘ಈ ಕರಪತ್ರ ತಂದವರಿಗೆ’ ಎಂದು ಕೊಡುಗೆಯ ಸಾಲಿನಲ್ಲಿ ಸೇರಿಸಿ. ಕಟ್ಟು ಕೈಗೆ ಬಂದ ಮೇಲೆ ಬಸವನಹಳ್ಳಿಗೆ ಹೋಗುವವುಗಳ ಮೂಲೆ ಕತ್ತರಿಸಿ, ಸಂತೆಯವಕ್ಕೆ ರಬ್ಬರ್ ಸ್ಟ್ಯಾಂಪ್ ಒತ್ತಿ, ಪೇಪರಿನವನ್ನು ಹಾಗೇ ಬಿಡಿ. ಕೌಂಟರಿನಲ್ಲಿ ಮೂರು ಡಬ್ಬಿ ಇಟ್ಟು ವಾಪಸ್ ಬಂದವನ್ನು ಬೇರೆ ಬೇರೆ ಹಾಕುತ್ತಾ ಹೋಗಿ. ಎಂಟನೇ ದಿನ ಎಣಿಸಿದರೆ ಮುಂದಿನ ಸಲ ಎಲ್ಲಿಗೆ ಎಷ್ಟು ಕಟ್ಟು ಕಳಿಸಬೇಕು ಅನ್ನುವುದು ಆ ಡಬ್ಬಿಗಳಲ್ಲೇ ಇರುತ್ತದೆ.